ಕಾಣದ ಮೂರನೆಯ ಬಣ್ಣ

ಹೇರ್‌ಪಿನ್ನಿನ ತುದಿಯಿಂದ ಮೈತ್ರೇಯಿ ಒಂಬತ್ತನೆಯ ಕೆಂಪು ಸ್ಟಿಕ್ಕರನ್ನೂ ಎಬ್ಬಿಸಿದಳು. ಅದು ಕಿತ್ತಳೆಯ ಜಾಗಕ್ಕೆ ಹೋಯಿತು. ಕಿತ್ತಳೆಯದು ಕೆಂಪಿನ ಜಾಗಕ್ಕೆ. ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು. ನೋಡಿದರೆ ಏನೂ ಆದಂತಿರಲಿಲ್ಲ. ಬಣ್ಣ ಹೊಂದಿಸುವ ಆ ಕ್ಯೂಬು ಅವಳ ಕಾಲೇಜಿನ ಅಮರೇಶನದು.

ವಿದ್ಯಾರಣ್ಯಪುರದ ಮನೆಯ ಮೆಟ್ಟಿಲ ಮೇಲೆ ಕೂತು ಎರಡು ವರ್ಷ ಅವಳು ಪಳಗಿಸಿಕೊಂಡದ್ದು ಒಂದೇ ವಿದ್ಯೆ: ಕ್ಯೂಬನ್ನು ಹಿಂದುಮುಂದು ತಿರುಗಿಸದೆ, ಎದುರಿಗೆ ಕಾಣುವ ಮೂರು ಮುಖಗಳಿಂದಲೇ ಹಿಂದಿರುವುದನ್ನು ಹೇಳುವುದು. ಮೂಲೆಯ ತುಂಡಿನಲ್ಲಿ ಬಿಳಿ, ಹಸಿರು ಕಂಡರೆ ಸಾಕು. ಕಾಣದ ಮೂರನೆಯ ಬಣ್ಣ ಕೆಂಪೋ ಕಿತ್ತಳೆಯೋ ಎಂಬುದನ್ನು ಅವು ಕೂತ ಕ್ರಮವೇ ಹೇಳಿಬಿಡುತ್ತದೆ. ಕೆಂಪು, ಕಿತ್ತಳೆ ಅದಲುಬದಲಾದರೆ ಆ ಲೆಕ್ಕವೆಲ್ಲ ತಿರುಗುಮುರುಗು. ಕಾಲೇಜಿನ ಲೈಬ್ರರಿಯಲ್ಲಿ ಅಮರೇಶನಿಗೆ ಅದನ್ನು ಕಲಿಸಿದವಳೂ ಅವಳೇ. 2006ರ ಕಾಲೇಜು ಮ್ಯಾಗಜೀನಿನಲ್ಲಿ ಅದು ‘ಅಮರೇಶ್ ವಿಧಾನ’ ಎಂದು ಅಚ್ಚಾಗಿ ಬಂತು, ಅವನ ಫೋಟೋ ಸಮೇತ.

ಅವಳು ಜಗಳವಾಡಲಿಲ್ಲ. ಚೆನ್ನಾಗಿ ಬಂದಿದೆ ಎಂದು ಹೇಳಿ ಮನೆಗೆ ಬಂದಳು.

ಭಾನುವಾರ ಅಂತರಕಾಲೇಜು ಸ್ಪರ್ಧೆ. ಗೆದ್ದವರಿಗೆ ಐದು ನಿಮಿಷ ಮೈಕು, ತಮ್ಮ ವಿಧಾನವನ್ನು ವಿವರಿಸಲು. ಅವಳಿಗೆ ಬೇಕಿದ್ದದ್ದು ಆ ಐದು ನಿಮಿಷ. ಅದು ಯಾರ ವಿಧಾನ ಎಂದು ಸಭೆಯ ಮುಂದೆ, ಅವನ ಮುಖ ನೋಡಿಕೊಂಡು ಹೇಳಬೇಕಿತ್ತು.

ಸಲೀಸಾಗಿ ತಿರುಗುವಂತೆ ಎಣ್ಣೆ ಹಾಕುವುದರಲ್ಲಿ ಅವಳ ಕೈ ಒಳ್ಳೆಯದೆಂದು ಅವನು ತಾನಾಗಿಯೇ ತನ್ನ ಕ್ಯೂಬು ತಂದುಕೊಟ್ಟಿದ್ದ. ಶನಿವಾರ ಮಧ್ಯಾಹ್ನ ಹಿಂದಿರುಗಿಸುವಾಗ, ಎಣ್ಣೆ ಒಳಗೆ ಇಳಿಯಬೇಕು, ನಾಳೆಯವರೆಗೆ ಮುಟ್ಟಬೇಡಿ ಎಂದಳು.

“ನೀವು ಹೇಳಿದ ಮೇಲೆ ಮುಗೀತು ಬುಡಿ,” ಎಂದ ಅಮರೇಶ.

ಕೊನೆಯ ಸುತ್ತಿಗೆ ಉಳಿದವರು ಅವರಿಬ್ಬರೇ. ತೀರ್ಪುಗಾರರಾದ ಅಶ್ವತ್ಥ ಮೇಷ್ಟ್ರು ಎರಡೂ ಕ್ಯೂಬುಗಳನ್ನು ಕಲೆಸಿ ಮೇಜಿನ ಮೇಲಿಟ್ಟರು. ಅಮರೇಶ ಎದ್ದು ನಿಂತ.

“ಸಾರ್, ಮೈತ್ರೇಯಿಯವರ ಕ್ಯೂಬು ತುಂಬಾ ಬಿಗಿ. ನನ್ನದಕ್ಕೆ ಅವರೇ ಎಣ್ಣೆ ಹಾಕಿರೋದು. ಅವರ ಶ್ರಮ ಅವರಿಗೇ ಸಲ್ಲಲಿ, ಕ್ಯೂಬು ಬದಲಾಯಿಸಿಕೊಳ್ತೀವಿ.”

ಸಭೆ ಚಪ್ಪಾಳೆ ತಟ್ಟಿತು. ಎಂಥ ದೊಡ್ಡ ಮನಸ್ಸು ಎಂದರು ಮೇಷ್ಟ್ರು. ಬೇಡ ಎನ್ನಲು ಕಾರಣ ಬೇಕು. ಅವಳ ಬಳಿ ಇದ್ದ ಒಂದೇ ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವನ ಕ್ಯೂಬು ತೆಗೆದುಕೊಂಡಳು.

ಶುರುವಿಗೆ ಮೊದಲು ಕ್ಯೂಬು ನೋಡಿಕೊಳ್ಳಲು ಹದಿನೈದು ಸೆಕೆಂಡು. ಮೋಸ ಎಲ್ಲಿದೆಯೆಂದು ಗೊತ್ತಿದ್ದವಳಿಗೆ ಭಯವೇನು? ಕೆಂಪು ಎಂದು ತೋಚಿದ ಕಡೆ ಕಿತ್ತಳೆ, ಕಿತ್ತಳೆ ಎಂದು ತೋಚಿದ ಕಡೆ ಕೆಂಪು. ಅಷ್ಟೇ ತಾನೇ. ಯಾವ ಮುಖ ಯಾವ ಬಣ್ಣದ್ದೆಂದು ತೋರಿಸುವ ನಟ್ಟನಡುವಿನ ತುಂಡುಗಳನ್ನು ಅವಳು ಪರೀಕ್ಷಿಸಲೂ ಇಲ್ಲ. ತಾನೇ ಅಂಟಿಸಿದ್ದನ್ನು ಮತ್ತೆ ನೋಡುವುದೇನು?

ಗಂಟೆ ಬಾರಿಸಿದರು.

ಕಿತ್ತಳೆ ಎಂದುಕೊಂಡು ತಿರುಗಿಸಿದ ಮೂಲೆಯ ಹಿಂದೆ ಕೆಂಪು ಇತ್ತು. ಎರಡನೆಯದೂ ಹಾಗೇ. ಮತ್ತೆ ಲೆಕ್ಕ ಹಾಕಿದಳು, ಮತ್ತೆ ತಪ್ಪಿತು. ತಿರುಗಿಸಿದ್ದನ್ನು ಹಿಂದಕ್ಕೆ ತಿರುಗಿಸಿದಳು. ಪಕ್ಕದಲ್ಲಿ ಅವಳದೇ ಬಿಗಿ ಕ್ಯೂಬು ಕಟಕಟ ಎಂದು ಒಂದೇ ಸಮ ತಿರುಗಿ, ಮೇಜಿಗೆ ಬಡಿದು ನಿಂತಿತು. ಮೂವತ್ತೆಂಟು ಸೆಕೆಂಡು.

ಮೈಕಿನ ಕಡೆ ಹೊರಟ ಅಮರೇಶ ಅವಳ ಕುರ್ಚಿಯ ಪಕ್ಕ ಬಗ್ಗಿದ.

“ನೀವು ಅದಲುಬದಲು ಮಾಡಿದ್ದ ಸ್ಟಿಕ್ಕರುಗಳನ್ನ ನಿನ್ನೆ ಸಾಯಂಕಾಲವೇ ಸರಿಯಾಗಿ ಅಂಟಿಸಿಬುಟ್ಟೆ ಕಣ್ರೀ.”