ಹೊರಗಿನ ಚಿಲಕ

ಬಚ್ಚಲಿನೊಳಗೆ ತಂಬಿಗೆಯ ಸದ್ದು ಕೇಳಿಸಿದ್ದೇ ತಡ, ಪೂವಮ್ಮ ಹೊರಗಿನಿಂದ ಚಿಲಕ ಹಾಕಿದಳು. ಸಾಲದೆಂದು ಕಟ್ಟಿಗೆಯ ತುಂಡೊಂದನ್ನು ಅಡ್ಡ ಸಿಕ್ಕಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಒಳಗಿದ್ದವನು ಕಳ್ಳನಲ್ಲ, ಅವಳೇ ಹೆತ್ತ ಮಗ ಲತೀಶ. ಊರು ಆರಿಸಿ ಕಳಿಸಿದ ಪಂಚಾಯತ್ ಸದಸ್ಯ. ಹನ್ನೊಂದು ಗಂಟೆಗೆ ಪಂಚಾಯತಿನಲ್ಲಿ ಸಭೆ. ಅದು ಮುಗಿಯುವವರೆಗೆ ಅವನು ಹೊರಗೆ ಬರಕೂಡದು.

ಮನೆಯ ಹಿಂದಿನ ಗುಡ್ಡದಲ್ಲಿ ಬಡಾವಣೆ ಮಾಡಲು ಪುತ್ತೂರಿನ ಕಂಪೆನಿಯೊಂದು ಹೊರಟಿತ್ತು. ಒಂದು ಮಗ್ಗುಲನ್ನು ಜೆಸಿಬಿ ಆಗಲೇ ಕೆರೆದುಹಾಕಿತ್ತು. ಕಳೆದ ಮಳೆಗಾಲದಲ್ಲಿ ಆ ಮಣ್ಣು ಇಳಿದು ಬಂದು ನೆರೆಮನೆಯ ಗುರುವಪ್ಪನ ಅಡಿಗೆಕೋಣೆಯಲ್ಲಿ ಮೊಣಕಾಲುದ್ದ ನಿಂತಿತ್ತು. ಉಳಿದ ಗುಡ್ಡವನ್ನೂ ಕೆರೆದರೆ ಕೆಳಗಿನ ಮನೆಗಳ ಗತಿ ಏನೆಂದು ಹೇಳಲು ಇಂಜಿನಿಯರು ಬೇಕಿರಲಿಲ್ಲ. ಪಂಚಾಯತ್ ಒಪ್ಪಿದರೆ ಕೆಲಸ ಶುರು, ಒಪ್ಪದಿದ್ದರೆ ಇಲ್ಲ. ಗುಡ್ಡ ಮುಟ್ಟಲು ಬಿಡುವುದಿಲ್ಲ ಎಂದು ಹೇಳಿಯೇ ಲತೀಶ ಗೆದ್ದದ್ದು.

ಗೆದ್ದವನ ಬುದ್ಧಿ ಗೆದ್ದ ಮೇಲೆ ತಾನೇ ಗೊತ್ತಾಗುವುದು! ಕಂಪೆನಿಯ ಬಿಳಿ ಕಾರು ಈ ತಿಂಗಳಲ್ಲಿ ಮೂರು ಸಲ ಪೂವಮ್ಮನ ಅಂಗಳಕ್ಕೆ ಬಂದಿತ್ತು. ಕದ್ದುಮುಚ್ಚಿ ಬಂದರೆ ಬೇರೆ ಮಾತು. ಬೆಳಿಗ್ಗೆ ಡೈರಿಗೆ ಹಾಲು ಕೊಡುವವರೆಲ್ಲ ರಸ್ತೆಯಲ್ಲಿರುವ ಹೊತ್ತಿಗೇ ಬರುತ್ತಿತ್ತು. ಗರಿಗರಿ ಅಂಗಿಯ ಮ್ಯಾನೇಜರ್ ಇಳಿದು, ನಾಲ್ಕು ಮನೆಗೆ ಕೇಳುವಂತೆ "ಲತೀಶಣ್ಣ ಇದ್ದಾರಾ?" ಎನ್ನುತ್ತಿದ್ದ. ಆ ಹೊತ್ತಿಗೆ ಲತೀಶ ರಬ್ಬರ್ ಟ್ಯಾಪಿಂಗಿಗೆ ಹೋಗಿರುತ್ತಿದ್ದ.

"ಇಲ್ಲದಿದ್ರೂ ತೊಂದರೆ ಇಲ್ಲ ಅಮ್ಮ. ಲತೀಶಣ್ಣ ಇರುವಾಗ ನಮಗೆ ಎಂತ ಹೆದರಿಕೆ? ನಾನು ಬಂದಿದ್ದೆ ಅಂತ ಹೇಳಿ, ಸಾಕು."

ಡೈರಿಯಲ್ಲಿ ಪೂವಮ್ಮನನ್ನು ಕಂಡರೆ ಮಾತು ನಿಲ್ಲತೊಡಗಿತು. ಗಂಡ ತೀರಿಹೋದ ಮೇಲೆ ಯಾರ ಮುಂದೆಯೂ ತಲೆ ತಗ್ಗಿಸದೆ ಮಗನನ್ನು ಸಾಕಿದವಳು ಅವಳು. ಈಗ ಹಾಲಿನ ಕ್ಯಾನು ಹಿಡಿದು ಹೋಗಲೂ ನಾಚಿಕೆ. ಕೇಳಿದರೆ ಮಗ, "ಅವ ಬರುದಕ್ಕೆ ನಾನೆಂತ ಮಾಡ್ಲಿ?" ಎಂದು ಸಿಡುಕುತ್ತಿದ್ದ. ನಿನ್ನೆ ಸಂಜೆ ದನದ ಹಟ್ಟಿಯ ಹಿಂದೆ ನಿಂತು ಯಾರಿಗೋ ಫೋನಿನಲ್ಲಿ ಪಿಸುಗುಟ್ಟಿದ್ದ: "ನಾಳೆಗೆ ಒಮ್ಮೆ ಮುಗಿಸಿಬಿಡುವ. ನನ್ನ ಮತದ ಚಿಂತೆ ಬಿಡಿ. ಯಾರ ಹತ್ರವೂ ಬಾಯಿ ಬಿಡ್ಬೇಡಿ." ಪೂವಮ್ಮನಿಗೆ ಅಷ್ಟು ಸಾಕಾಯಿತು.

"ಅಮ್ಮಾ, ಬಾಗಿಲು ತೆಗೀಲಿಕ್ಕೆ ಬರುದಿಲ್ಲ!" ಒಳಗಿನಿಂದ ಕೂಗು ಬಂತು.

"ಬರುದಿಲ್ಲ. ಚಿಲಕ ಹಾಕಿದ್ದು ನಾನೇ."

"ನಿಂಗೆಂತ ಮರ್ಲಾ ಅಮ್ಮ, ತಲೆ ಸರಿ ಉಂಟಾ?"

"ಮರ್ಲು ನಂಗಲ್ಲ. ಊರನ್ನೇ ಮಾರ್ಲಿಕ್ಕೆ ಹೊರಟದ್ದು ನೀನು."

ಮೈ ಒರಸುವ ಬೈರಾಸನ್ನೇ ಸುತ್ತಿಕೊಂಡ ಪಂಚಾಯತ್ ಸದಸ್ಯ ಬಾಗಿಲಿಗೆ ಗುದ್ದಿದ, ಒದ್ದ. ಹಲಸಿನ ಹಲಗೆಯ ಬಾಗಿಲು ಜಗ್ಗಲಿಲ್ಲ. ಹೊಗೆ ಹೋಗಲೆಂದು ಮೇಲೆ ಬಿಟ್ಟ ಕಿಂಡಿಯಲ್ಲಿ ಬೆಕ್ಕು ಕೂಡ ನುಸುಳಲಾರದು. ಅವನ ಮೊಬೈಲು ಮನೆಯ ಚಾವಡಿಯಲ್ಲಿ ಬಡಕೊಳ್ಳುತ್ತಲೇ ಇತ್ತು. ಎತ್ತುವವರಿಲ್ಲ. ಗಲಾಟೆ ಕೇಳಿ ಬಂದ ಗುರುವಪ್ಪ ವಿಷಯ ತಿಳಿದು, "ಬಿಡ್ಲೇಬೇಡಿ ಪೂವಮ್ಮಕ್ಕ" ಎಂದು ತಾನೂ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ಗುರುವಪ್ಪಣ್ಣಾ, ನೀವಾದ್ರೂ ಕೇಳಿ," ಲತೀಶನ ದನಿ ಕಿಂಡಿಯಿಂದ ಬಂತು. "ನಾನು ಹೋಗದಿದ್ರೆ ಆರು ಆರು ಸಮ ಆಗ್ತದೆ. ಸಮ ಆದ್ರೆ ಅಧ್ಯಕ್ಷರಿಗೆ ಇನ್ನೊಂದು ಮತ ಉಂಟು. ಅವರು ಕಂಪೆನಿ ಕಡೆ. ನಾನು ಹೋದ್ರೆ ಮಾತ್ರ ಗುಡ್ಡ ಉಳಿಯುದು. ಬಾಗಿಲು ತೆಗೀರಿ!"

ಗುರುವಪ್ಪ ಪೂವಮ್ಮನ ಮುಖ ನೋಡಿದ. ಹೆತ್ತ ಕರುಳಲ್ಲವೇ, ಅವಳ ಕೈ ತಾನಾಗಿ ಕಟ್ಟಿಗೆಯ ತುಂಡಿನತ್ತ ಹೋಯಿತು. ಆಮೇಲೆ ಬಿಳಿ ಕಾರು ನೆನಪಾಯಿತು, ಡೈರಿಯ ಮುಂದೆ ನಿಂತವರ ಮುಖಗಳು ನೆನಪಾದವು. ಸಿಕ್ಕಿಬಿದ್ದವನು ಇನ್ನೇನು ಹೇಳಿಯಾನು? ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ನನ್ನನ್ನು ನಂಬುದಿಲ್ವಾ ಅಮ್ಮ?"

ಅವಳಿಗೆ ಅಳು ಬಂತು. ಸೆರಗಿನಲ್ಲಿ ಬಾಯಿ ಒತ್ತಿಹಿಡಿದಳು. ಒಳಗೆ ಗುದ್ದುವುದೂ ನಿಂತಿತು. ಬಿಸಿಲು ಅಂಗಳದ ತುಂಬ ಬಂದರೂ ಆ ಕಲ್ಲು ಬಿಟ್ಟು ಏಳುವ ಧೈರ್ಯ ಅವಳಿಗೆ ಬರಲಿಲ್ಲ. ಎದ್ದರೆ ಎಲ್ಲಿ ತಾನೇ ಬಾಗಿಲು ತೆಗೆದುಬಿಡುತ್ತೇನೋ ಎಂಬ ಭಯ.

ಮಧ್ಯಾಹ್ನದ ಹೊತ್ತಿಗೆ ಗುರುವಪ್ಪನಿಗೆ ಫೋನು ಬಂತು. ಕೇಳುತ್ತ ಕೇಳುತ್ತ ಅವನ ಮುಖ ಬಾಡಿತು.

"ಸಭೆ ಆಯ್ತಂತೆ. ಆರು ಆರು. ಅಧ್ಯಕ್ಷರ ಮತ ಕಂಪೆನಿಗೆ ಬಿತ್ತಂತೆ. ಬಡಾವಣೆ ಪಾಸ್, ಪೂವಮ್ಮಕ್ಕ."

ಅವಳು ಎದ್ದು ಚಿಲಕ ತೆಗೆದಳು. ಲತೀಶ ತಾಯಿಯ ಕಡೆ ನೋಡದೆ ಹೊರಗೆ ಬಂದ. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಜಗಲಿಯಲ್ಲಿ ಕುಳಿತ. ತಾಯಿ ಚಿಲಕ ಹಾಕಿದ ಸುದ್ದಿ ಆಗಲೇ ಊರೆಲ್ಲ ಹರಡಿ, ನೆರೆಕರೆಯ ಗಂಡಸರು ಅಂಗಳದಲ್ಲಿ ಸೇರಿದ್ದರು. ಯಾರೂ ಅವನನ್ನು ಮಾತಾಡಿಸಲಿಲ್ಲ.

"ನೀನು ಹೋಗಿದ್ರೂ ಅದೇ ಆಗುದು," ಪೂವಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು. "ಅವರಿಗೆ ಒಂದು ಕೈ ಜಾಸ್ತಿ ಆಗ್ತಿತ್ತು, ಅಷ್ಟೇ. ಅದು ನಮ್ಮ ಮನೆಯ ಕೈ ಆಗ್ಲಿಲ್ಲ. ನಂಗೆ ಅದು ಸಾಕು."

ಲತೀಶ ತಲೆಯೆತ್ತಲಿಲ್ಲ. ಗುರುವಪ್ಪ ಹೌದೆಂದು ತಲೆಯಾಡಿಸಿದ. ಪೂವಮ್ಮನಿಗೆ ಬೆಳಗಿನಿಂದ ಮೊದಲ ಸಲ ಸ್ವಲ್ಪ ಉಸಿರು ಬಂದಂತಾಯಿತು.

ಆಗ ಬಿಳಿ ಕಾರು ಬಂತು, ಹಿಂದೆಯೇ ಜೆಸಿಬಿ. ಮ್ಯಾನೇಜರ್ ಇಳಿದು ಪೂವಮ್ಮನಿಗೆ ಕೈಮುಗಿದ. "ದೊಡ್ಡ ಉಪಕಾರ ಆಯ್ತಮ್ಮ," ಎಂದು ನಕ್ಕ. ಆಮೇಲೆ ಅಲ್ಲಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತ, ಜಗಲಿಯಲ್ಲಿ ಕುಳಿತವನನ್ನೂ ದಾಟಿ, ಗುರುವಪ್ಪನ ಹತ್ತಿರ ಬಂದು ನಿಂತ.

"ಇವರಲ್ಲಿ ಲತೀಶ್ ಅಂದ್ರೆ ಯಾರು ಮಾರಾಯ್ರೆ? ಇಷ್ಟು ದಿನ ಹೆಸರು ಹೇಳಿಕೊಂಡು ತಿರುಗಿದ್ದೇ ಆಯ್ತು, ಮುಖ ಒಮ್ಮೆಯೂ ನೋಡಿಲ್ಲ."