ಕೊನೆಯ ತಟ್ಟೆ

ಆರೈಕೆ ಮನೆಯ ಊಟದ ಹಾಲ್‌ನಲ್ಲಿ ಇನ್ನೂ ಇಬ್ಬರು ಉಂಡು ಎದ್ದಿರಲಿಲ್ಲ. ಹಾಗಾಗಿ ಕೋಣೆಯಲ್ಲಿ ತಾತನ ಪಕ್ಕ ನರ್ಸ್ ಅವನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಸೂಪು ಆರಿ ಮೇಲೆ ಪದರ ಕಟ್ಟಿತ್ತು. ತಾತ ಆ ಪದರವನ್ನೇ ನೋಡುತ್ತಿದ್ದ.

ಬೆಳಿಗ್ಗೆ ಡಾಕ್ಟರು ತೂಕದ ಹಾಳೆ ತಿರುವಿ ಹಾಕಿದ್ದರು. ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿತ್ತು. "ಸೋಮವಾರದವರೆಗೂ ನೋಡ್ತೀನಿ. ಆಮೇಲೆ ಊಟಕ್ಕೆ ಮೂಗಿಗೆ ನಳಿಕೆ ಹಾಕೋದೇ," ಎಂದು ಹೋಗಿದ್ದರು.

ಅಡುಗೆಯಾಕೆ ಬಾಗಿಲಲ್ಲಿ ಇಣುಕಿದಳು. "ಬಿಸಿ ಮಾಡ್ಕೊಡ್ಲೇನೇ?"

"ಬೇಡ ಅಕ್ಕ. ಬಿಸಿ ಮಾಡಬಾರದು ಅಂತ ಬರ್ದಿದೆ."

"ಎಲ್ಲರೂ ಉಂಡೆದ್ದ ಮೇಲೆ ಆರಿದ್ದನ್ನ ಉಣ್ಣೋ ಗಂಡಸನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ ಕಣೇ! ನಿನ್ನ ಸನ್ಯಾಸಿಗೆ ಹೇಳು, ನಮ್ಮನೆಯವರಿಗೂ ಒಂದಿಷ್ಟು ಕಲಿಸಿಕೊಡ್ಲಿ."

"ಮೆಲ್ಲಗೆ. ಅವರಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ."

ಪಾರ್ಶ್ವವಾಯು ತಾತನ ಬಲಗೈ, ಬಲಗಾಲು, ನಾಲಿಗೆ ಮೂರನ್ನೂ ಒಯ್ದಿತ್ತು. ಎಡಗೈ ಮಾತ್ರ ಉಳಿದಿತ್ತು. ಜೊತೆಗೆ ಒಂದು ಹಾಳೆ.

ಆ ಹಾಳೆಯನ್ನು ರೂಢಿಗೆ ತಂದವಳು ನರ್ಸೇ. ಎರಡು ವರ್ಷದ ಹಿಂದೆ ಅಜ್ಜಿಯೊಬ್ಬಳ ಸಿಕ್ಕುಗಟ್ಟಿದ ಕೂದಲನ್ನು ಇವಳು ಶುಚಿಯ ಹೆಸರಲ್ಲಿ ಕತ್ತರಿಸಿಬಿಟ್ಟಿದ್ದಳು. ಅದು ದೇವರಿಗೆ ಬಿಟ್ಟ ಜಡೆ; ಕೇಳಬೇಕೆಂದು ತೋಚಿರಲಿಲ್ಲ. ಅಜ್ಜಿ ತಲೆಯ ಮೇಲೆ ಹೊದಿಕೆ ಎಳೆದುಕೊಂಡವಳು ಸಾಯುವವರೆಗೂ ತೆಗೆಯಲಿಲ್ಲ. ಅಂದಿನಿಂದ ಆ ಆರೈಕೆ ಮನೆಗೆ ಯಾರು ಬಂದರೂ 'ನಿವಾಸಿಯ ಪದ್ಧತಿಗಳು' ಎಂಬ ಹಾಳೆ ತುಂಬಿಕೊಡಬೇಕು. ಬರೆದದ್ದು ಚಾಚೂ ತಪ್ಪದೆ ನಡೆಯಬೇಕು. ನೋಡಲು ಬಂದ ಅಧಿಕಾರಿಗಳು ಬೆನ್ನು ತಟ್ಟಿ ಹೋಗಿದ್ದರು. ನರ್ಸಿಗೆ ಬೆನ್ನು ತಟ್ಟಿಸಿಕೊಳ್ಳುವುದು ಬೇಕಿರಲಿಲ್ಲ. ಆ ಹೊದಿಕೆ ಕಣ್ಣಿಗೆ ಕಟ್ಟದೆ ನಿದ್ದೆ ಬಂದರೆ ಸಾಕಿತ್ತು.

ತಾತನ ಹಾಳೆಯನ್ನು ತುಂಬಿದವಳು ಅವನ ಮಗಳು, ಶಾಲೆಯ ಟೀಚರು. ಬರೆಯುವ ಮುಂಚೆ ತಪ್ಪು ತಿದ್ದುವವಳಂತೆ ಶೀರ್ಷಿಕೆಯನ್ನೇ ಹೊಡೆದು ಹಾಕಿ, 'ನಮ್ಮ ಮನೆಯಲ್ಲಿ ನಡೆದುಬಂದದ್ದು' ಎಂದು ಮೇಲೆ ಬರೆದಿದ್ದಳು. ಕೆಳಗೆ ದುಂಡಗಿನ ಅಕ್ಷರದಲ್ಲಿ: ಎಲ್ಲರ ಊಟ ಮುಗಿದ ಮೇಲೆ ಊಟ, ಆರಿದ್ದರೂ ಮತ್ತೆ ಬಿಸಿ ಮಾಡುವುದಿಲ್ಲ. ಬೀದಿಯ ಕಡೆಯ ಕಿಟಕಿಗೆ ಸದಾ ಪರದೆ. ರೇಡಿಯೋ, ಹಾಡು ಕೂಡದು. ಹೊರಗಿನವರು ಬಂದರೆ ಎದುರಿಗೆ ಬರುವಂತಿಲ್ಲ.

"ಬಹಳ ಕಟ್ಟುನಿಟ್ಟಿನ ಮನೆ," ಎಂದಿದ್ದಳು ನರ್ಸ್, ಗೌರವದಿಂದಲೇ.

"ಹೌದು ಸಿಸ್ಟರ್. ನಲವತ್ತು ವರ್ಷ ಒಂದು ದಿನಾನೂ ತಪ್ಪಿಲ್ಲ."

ಬರೆದದ್ದನ್ನು ನಿವಾಸಿಗೆ ಓದಿ ಹೇಳಿ ಒಪ್ಪಿಗೆ ಪಡೆಯುವುದೂ ಕ್ರಮ. ನರ್ಸ್ ಓದುತ್ತಾ ಹೋದಂತೆ ತಾತ ಕಣ್ಣು ಮುಚ್ಚಿದ. ತುಂಬಾ ಹೊತ್ತಾದ ಮೇಲೆ ಎಡಗೈ ಎತ್ತಿದ. ಒಪ್ಪಿಗೆ ಎಂದು ಅವಳು ಸಹಿ ಹಾಕಿಕೊಂಡಳು.

ಮಗಳು ಪ್ರತಿ ಭಾನುವಾರ ಬರುತ್ತಿದ್ದಳು. ಅಪ್ಪನ ಹತ್ತಿರ ಕೂರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ವಿಚಾರಿಸುತ್ತಿದ್ದಳು. ಪರದೆ ಹಾಕಿರ್ತೀರಾ? ಕೊನೇಲೇ ಊಟ ತಾನೇ? ಆಗ ಅವರ ಮುಖ ಹೇಗಿರುತ್ತೆ?

"ಶಾಂತವಾಗಿರುತ್ತೆ," ಎನ್ನುತ್ತಿದ್ದಳು ನರ್ಸ್. ಹಾಗೆನ್ನುವಾಗ ಅವಳ ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಒಮ್ಮೆ ತಡೆಯಲಾರದೆ ಹನ್ನೆರಡಕ್ಕೇ ಬಿಸಿ ಸೂಪು ತಂದಿದ್ದಳು, ಕಳ್ಳಿಯ ಹಾಗೆ, ಸೆರಗಿನಡಿ ಮುಚ್ಚಿಕೊಂಡು. ತಾತ ಬಾಯಿ ಬಿಗಿದ. ಎಡಗೈ ಎತ್ತಿ ಊಟದ ಹಾಲ್‌ನ ಕಡೆ ತೋರಿಸಿದ: ಅಲ್ಲಿ ಇನ್ನೂ ಚಮಚಗಳ ಸದ್ದಿತ್ತು. ಅವಳಿಗೆ ನಾಚಿಕೆಯಾಗಿತ್ತು. ಮತ್ತೊಬ್ಬರ ನಂಬಿಕೆಗೆ ಮತ್ತೆ ಕತ್ತರಿ ಹಾಕಹೊರಟಿದ್ದೆನಲ್ಲ!

ಆದರೆ ಸೋಮವಾರಕ್ಕೆ ಮೂರೇ ದಿನ ಉಳಿದಿತ್ತು. ಅವಳು ಮಗಳಿಗೆ ಫೋನ್ ಮಾಡಿದಳು. ಸಂಜೆ ನಾಲ್ಕಕ್ಕೆಲ್ಲಾ ಮಗಳು ಬಂದಳು, ಕೈಬೆರಳಲ್ಲಿ ಸೀಮೆಸುಣ್ಣದ ಪುಡಿ ಹಾಗೇ ಇತ್ತು.

"ನಾನು ನಿಮಗೆ ಸುಳ್ಳು ಹೇಳಿದೀನಿ ಮೇಡಂ," ಎಂದಳು ನರ್ಸ್. "ಶಾಂತವಾಗೇನೂ ಇರಲ್ಲ. ತಟ್ಟೆ ಬರೋ ಹೊತ್ತಿಗೆ ಅವರಿಗೆ ಸುಸ್ತಾಗಿಹೋಗಿರುತ್ತೆ. ಎರಡು ಚಮಚ ನುಂಗ್ತಾರೆ, ಕಣ್ಣಲ್ಲಿ ನೀರು. ದಿನಾ. ನಿಮ್ಮ ಪದ್ಧತಿ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ಊಟದ್ದು ಒಂದನ್ನಾದ್ರೂ ಬಿಡಿಸಿ. ಪಾಪ ನನಗಿರಲಿ."

ಮಗಳು ಗೋಡೆಗೆ ಒರಗಿದಳು. "ದಿನಾನಾ?"

"ದಿನಾ."

ಮಗಳು ಮೊದಲ ಬಾರಿಗೆ ಒಳಗೆ ಬಂದಳು. ಅಪ್ಪನ ಮುಂದೆ ಕೂತಳು. ಅವಳ ಮುಖ ನರ್ಸ್‌ಗೆ ಪರಿಚಿತವೆನಿಸಿತು. ಎರಡು ವರ್ಷದಿಂದ ಕನ್ನಡಿಯಲ್ಲಿ ನೋಡುತ್ತಿದ್ದ ಮುಖ ಅಂಥದೇ.

"ಪೆನ್ ಕೊಡಿ. ಆಮೇಲೆ ಬಿಸಿ ಸೂಪು ತನ್ನಿ. ಈಗಲೇ."

ಹಾಳೆಯನ್ನು ತೊಡೆಯ ಮೇಲೆ ಹರಡಿ ಮೊದಲ ಸಾಲಿನ ಮೇಲೆ ಅವಳು ಪೆನ್ ಇಡುವಷ್ಟರಲ್ಲಿ ತಾತನ ಎಡಗೈ ಬಂದು ಅದನ್ನು ಹಿಡಿಯಿತು. ಎಲುಬಿನಂಥ ಬೆರಳುಗಳು. ಬಿಡಲಿಲ್ಲ. ತಲೆ ಬೇಡ, ಬೇಡ ಎನ್ನುವಂತೆ ಅಲ್ಲಾಡಿತು.

ನರ್ಸ್ ತಾತನಿಗೆ ಕೈ ಮುಗಿದಳು. "ನೋಡಿ ಮೇಡಂ. ಪ್ರಾಣ ಹೋದ್ರೂ ತಮ್ಮ ಪದ್ಧತಿ ಬಿಡಲ್ಲ ಅಂತಾರೆ."

"ಅವರದಲ್ಲ ಸಿಸ್ಟರ್," ಎಂದಳು ಮಗಳು, ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ. "ಇವೆಲ್ಲ ಅಪ್ಪ ನಮ್ಮಮ್ಮನಿಗೆ ಹಾಕಿದ್ದ ಕಟ್ಟಳೆಗಳು."