ಹದಿನಾರು ಸಲ

ಹದಿನಾಲ್ಕನೆಯ ಸಲ ಕೈ ತೊಳೆಯುವಾಗ ಪದ್ಮಪ್ರಿಯಾಳಿಗೆ ಎಣಿಕೆ ತಪ್ಪಿತು. ಹದಿನಾರು ತುಂಬದೆ ಒಲೆ ಮುಟ್ಟಿದರೆ, ಬೆಳಗ್ಗೆ ಸ್ಕೂಟರಿನಲ್ಲಿ ಪೀಳಮೇಡಿನ ಆಫೀಸಿಗೆ ಹೋದ ಗಂಡ ಮನೆಗೆ ಮರಳುವುದಿಲ್ಲ. ಬೆರಳ ಸಂದಿಯಲ್ಲಿ ರಕ್ತ ಜಿನುಗುತ್ತಿದ್ದರೂ ಮತ್ತೆ ಒಂದರಿಂದ ಶುರು ಮಾಡಿದಳು.

ನಡುಮನೆಯಲ್ಲಿ ಅತ್ತೆ ಸುಂದರಮ್ಮ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು: “ನಮ್ಮ ಸೊಸೆ ಮಡಿ ಅಂದ್ರೆ ಮಡಿ. ಪಾವಂ, ಪಾಪದ ಹುಡುಗಿ, ಕೈಯೆಲ್ಲ ಬಿರಿದ್ರೂ ಬಿಡಲ್ಲ.” ಇದಕ್ಕೆ ಪದ್ಮಪ್ರಿಯಾಳಿಗೆ ಗೊತ್ತಿದ್ದ ಹೆಸರು ಬೇರೆ. ತುಡಿಯಲೂರಿನ ಬಸ್ ನಿಲ್ದಾಣದಲ್ಲಿ ಗೋಣಿ ಹೊದ್ದು ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹೆಂಗಸನ್ನು ಕಂಡರೆ ಮಕ್ಕಳು ‘ಪೈತ್ಯಕಾರಿ, ಹುಚ್ಚಿ’ ಎಂದು ಕೂಗುತ್ತಿದ್ದರು. ಆಗೆಲ್ಲ ಪದ್ಮಪ್ರಿಯಾ, ತನ್ನನ್ನೇ ಕರೆದಂತೆ ಬೆಚ್ಚಿ, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಬಚ್ಚಲಿನಲ್ಲೂ ನೀರು ಬೀಳುವ ಸದ್ದು ಕೇಳಿಸಿತು. ಬಾಗಿಲು ತಳ್ಳಿದರೆ, ಆರು ವರ್ಷದ ಮಗಳು ಲಕ್ಷ್ಮೀಪ್ರಿಯಾ ಕೆಂಪಾದ ಪುಟ್ಟ ಕೈಗಳನ್ನು ನಲ್ಲಿಗೆ ಒಡ್ಡಿ ನಿಂತಿದ್ದಳು.

“ಮಾತಾಡಿಸಬೇಡಮ್ಮಾ, ಇನ್ನೂ ಒಂಬತ್ತೇ ಆಗಿರೋದು. ತಪ್ಪಿದ್ರೆ ಅಪ್ಪ ಬರಲ್ಲ ಅಂತ ನೀನೇ ಹೇಳ್ಕೋತೀಯಲ್ಲ?”

ಪದ್ಮಪ್ರಿಯಾ ನಲ್ಲಿ ನಿಲ್ಲಿಸಿದಳು. ಅಳುವ ಮಗಳನ್ನು ಎತ್ತಿಕೊಂಡು ನಡುಮನೆಗೆ ಬಂದು, ಅವಳನ್ನು ಕೆಳಗಿಳಿಸಿ, ತನ್ನ ಎರಡೂ ಅಂಗೈಗಳನ್ನು ಅತ್ತೆಯ ಮುಂದೆ ಚಾಚಿದಳು.

“ಅತ್ತೆ, ಇದು ಮಡಿ ಅಲ್ಲ. ನನಗೆ ಪೈತ್ಯ ಹಿಡಿದಿದೆ. ಡಾಕ್ಟರ ಹತ್ರ ಕರ್ಕೊಂಡು ಹೋಗಿ.”

ಸುಂದರಮ್ಮ ಫೋನು ಕೆಳಗಿಟ್ಟರು. ಎದ್ದು ಬೀದಿ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದರು. ಆಮೇಲೆ ಬಾಗಿಲಿಗೆ ಚಿಲಕ ಹಾಕಿದರು.